ಕೊನೇ ಬಸ್: ಒಂದು ಕನ್ನಡ ರಾಕ್ ಹಾಡು ಇಲ್ಲಿವರೆಗೆ

ಜೂನ್, ಮೊದಲ ವಾರ

ಹೊಸ ಹಾಡು ಶುರುವಾಗಿದೆ. ಮಳೆಗಾಲದ ರಾತ್ರಿ ಕೊನೇ ಬಸ್ ತಪ್ಪಿಹೋಗಿ ಸ್ಟಾಪಿನಲ್ಲಿ ನಿಂತವನ ಹಾಡು. ಸದ್ಯಕ್ಕೆ ಕೈಯಲ್ಲಿರೋದು ಎರಡೇ ಸಾಲು.

ಕೊನೆಯಾ ಬಸ್ಸೂ ಹೊರಟೇ ಹೋಯಿತು
ಲೈಟೂ ಇಲ್ಲಾ ಫೋನೂ ಸತ್ತಿದೆ

ಗಿಟಾರ್ ಇನ್ನೂ ಮುಟ್ಟಿಲ್ಲ, ಬೇಕಂತಲೇ. ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಮೊದಲು ಹಿಡಿದು ಕೂತರೆ, ಕೇಳಿ ಕೇಳಿ ಕಿವಿಯಲ್ಲಿ ಕೂತಿರುವ ಇಂಗ್ಲಿಷ್ ಹಾಡುಗಳ ಧಾಟಿ ತಾನಾಗೇ ಬಂದುಬಿಡುತ್ತದೆ. ಆಮೇಲೆ ಅದಕ್ಕೆ ಕನ್ನಡ ತುರುಕಬೇಕು. ಎಳೆಯಬಾರದ ಕಡೆ ಎಳೆಯಬೇಕು, ನುಂಗಬಾರದ ಅಕ್ಷರ ನುಂಗಬೇಕು. ಕೇಳುವವರಿಗೆ ಮಾತು ಮುಟ್ಟೋದೇ ಇಲ್ಲ. ಈ ಸಲ ಮಾತು ಮೊದಲು. ಮೇಜು ತಟ್ಟುತ್ತಾ ಜೋರಾಗಿ ಓದೋದು, ಅಷ್ಟೇ ಕೆಲಸ.

ಶಾಲೆಯಲ್ಲಿ ಪ್ರಸ್ತಾರ ಹಾಕಿದವರು ಮೇಲಿನ ಸಾಲುಗಳನ್ನು ಎಣಿಸಿ ನೋಡಿ. ನಾಲ್ಕು ಮಾತ್ರೆಯ ನಾಲ್ಕು ಗಣ. ಮಂದಾನಿಲ ರಗಳೆಯ ನಡೆ ಇದೇ. ರಾಕ್ ಹಾಡುಗಳಲ್ಲಿ ಹೆಚ್ಚಿನವು ಓಡೋದೂ ನಾಲ್ಕರ ಲೆಕ್ಕದಲ್ಲೇ. ಶಿಶುನಾಳ ಷರೀಫರ 'ಲೋಕದ ಕಾಳಜಿ' ಅನ್ನುವ ಎರಡು ಪದ ತಗೊಳ್ಳಿ, ಅಲ್ಲೂ ನಾಲ್ಕು, ನಾಲ್ಕು. ಹತ್ತೊಂಬತ್ತನೇ ಶತಮಾನದ ಆ ತತ್ವಪದವನ್ನು ರಘು ದೀಕ್ಷಿತ್ ಬ್ಯಾಂಡ್ ಕಟ್ಟಿಕೊಂಡು ಹಾಡಿದರೆ ಜನ ಎದ್ದು ಕುಣಿಯುತ್ತಾರೆ. ರಾಗದ ಚೆಂದ ಇದ್ದೇ ಇದೆ. ಆದರೆ ಆ ಪದಗಳೊಳಗೇ ಡ್ರಮ್ ಇದೆ ಅನ್ನೋದು ನನ್ನ ನಂಬಿಕೆ. ಈ ಹಾಡಲ್ಲಿ ಅದನ್ನೇ ಪರೀಕ್ಷೆ ಮಾಡಬೇಕು ಅಂತಿದ್ದೇನೆ.

ಜೂನ್, ಕೊನೆ

ಡ್ರಮ್ಮರ್ ಜೊತೆ ಮೊದಲ ಸಲ ಕೂತದ್ದಾಯ್ತು. ವೇಗ ನಿಮಿಷಕ್ಕೆ 132 ಬೀಟ್ ಅಂತ ನಿಲ್ಲಿಸಿದ್ದೇವೆ. ಒಂದು ಬೀಟಿಗೆ ಎರಡು ಮಾತ್ರೆ, ಹಾಗಾಗಿ ಒಂದು ಗಣಕ್ಕೆ ಎರಡು ಬೀಟ್.

ಇಲ್ಲಿ ಕುತೂಹಲದ ಒಂದು ವಿಷಯ ಸಿಕ್ಕಿತು. ರಾಕ್‌ನಲ್ಲಿ ಸ್ನೇರ್, ಅಂದರೆ ಕೋಲಿನಿಂದ ಹೊಡೆಯುವ ಚುರುಕು ಸದ್ದಿನ ಡ್ರಮ್, ಸಾಮಾನ್ಯವಾಗಿ ಬೀಳೋದು ಎರಡನೇ ಮತ್ತು ನಾಲ್ಕನೇ ಬೀಟಿಗೆ. ಕಿಕ್, ಅಂದರೆ ಕಾಲಿನಿಂದ ಹೊಡೆಯುವ ದೊಡ್ಡ ಡ್ರಮ್, ಒಂದು ಮತ್ತು ಮೂರಕ್ಕೆ. ಕೇಳುವವರು ಗೊತ್ತಿಲ್ಲದೇ ಚಪ್ಪಾಳೆ ತಟ್ಟೋದು ಸ್ನೇರ್ ಜೊತೆಗೆ. ನಮ್ಮ ಲೆಕ್ಕದಲ್ಲಿ ಸ್ನೇರ್ ಬೀಳೋದು ಪ್ರತಿ ಗಣದ ಮೂರನೇ ಮಾತ್ರೆಗೆ. ಈಗ ಹೇಳಿ ನೋಡಿ: ಬಸ್-ಸೂ. ಇಲ್-ಲಾ. ಸತ್-ತಿದೆ. ಮೊದಲ ಅಕ್ಷರ ಕಿಕ್ ಮೇಲೆ, ಒತ್ತಕ್ಷರ ಸರಿಯಾಗಿ ಸ್ನೇರ್ ಮೇಲೆ! ಬಾಯಿ ಒಂದು ಕ್ಷಣ ತಡೆದು ಬಿಡುವ ಜಾಗದಲ್ಲೇ ಕೋಲು ಬೀಳುತ್ತದೆ. 'ಲೈಟೂ', 'ಫೋನೂ' ಇದ್ದ ಕಡೆ ಏಟು ಮೆತ್ತಗೆ ಕೇಳುತ್ತದೆ, 'ಇಲ್ಲಾ' ಬಂದಾಗ ಗಟ್ಟಿ. ಡ್ರಮ್ಮರ್ ಎರಡಕ್ಕೂ ಒಂದೇ ಥರ ಹೊಡೆಯುತ್ತಿದ್ದ. ವ್ಯತ್ಯಾಸ ಇದ್ದದ್ದು ಮಾತಿನಲ್ಲಿ.

ಇನ್ನು ಮುಂದೆ ಎಲ್ಲಿ ಏಟು ಜೋರಾಗಿ ಬೇಕೋ ಅಲ್ಲಿ ಒತ್ತಕ್ಷರ ಇಡೋದು. ಎರಡನೇ ಚರಣ ಇದೇ ಕಟ್ಟಳೆಯಲ್ಲಿ ಬರೆಯುತ್ತಿದ್ದೇನೆ.

ಜುಲೈ

ತಿಂಗಳಿಡೀ ಪಲ್ಲವಿಗೇ ಹೋಯಿತು.

ಜನ ಕೂಗೋ ಸಾಲು ಬೇಕು. ಮೊದಲು ಇದ್ದದ್ದು 'ನಾನೂ ಬರ್ತೀನ್ ನಿಲ್ಸಿ'. ಡ್ರೈವರಿಗೆ ನಾವು ನಿಜವಾಗಿ ಹೇಳೋದು ಹಾಗೇ ಅಲ್ವಾ? ಆದರೆ ಮೇಲಿನ ಸ್ವರದಲ್ಲಿ 'ಸೀ' ಅಂತ ಎಳೆದರೆ ಗಂಟಲು ಬಿಗಿಯುತ್ತದೆ, ದನಿ ತೆಳ್ಳಗಾಗುತ್ತದೆ. 'ಆ' ಬೇಕು, ಇಲ್ಲಾ 'ಓ'. 'ನಿಲ್ಸೋ' ಹಾಡೋಕೆ ಚೆನ್ನಾಗಿದೆ, ಆದರೆ ರಾತ್ರಿ ಹೊತ್ತಿನಲ್ಲಿ ಮನೆ ಸೇರಿಸೋ ಮನುಷ್ಯನನ್ನು ಹಾಗೆ ಕರೆಯೋಕೆ ಮನಸ್ಸಾಗಲಿಲ್ಲ. ಹುಡುಕಿ ಹುಡುಕಿ ಕೊನೆಗೆ ಸಿಕ್ಕಿದ್ದು:

ನಾನೂ ಬರ್ತೀನ್ ನಿಲ್ಸಣ್ಣಾ

ಅಣ್ಣಾ ಬಂದ ಕೂಡಲೇ ಸಾಲಿಗೆ ಜೀವ ಬಂತು. ಬೇಡಿಕೊಳ್ಳೋದೂ ಇದೆ, ಸಲುಗೆನೂ ಇದೆ. ಬಾಯಿ ಪೂರ್ತಿ ತೆರೆಯುತ್ತದೆ. ಲೆಕ್ಕ ಹಾಕಿದರೆ ನಾಲ್ಕು, ನಾಲ್ಕು, ಆರು ಮಾತ್ರೆ. ಒಟ್ಟು ಹದಿನಾಲ್ಕು. ಹದಿನಾರಕ್ಕೆ ಎರಡು ಕಮ್ಮಿ. ಅಂದರೆ ಕೊನೇ ಬೀಟು ಪೂರ್ತಿ ಖಾಲಿ, ಅದೂ ಸ್ನೇರ್ ಬೀಳೋ ಬೀಟು. ಗಿಟಾರ್, ಬೇಸ್, ಹಾಡು ಎಲ್ಲ ನಿಂತಿರುತ್ತದೆ, ಸ್ನೇರ್ ಒಂದೇ ಹೊಡೆಯುತ್ತದೆ.

ಬೇಸ್ ನುಡಿಸುವ ಗೆಳೆಯ ಅಲ್ಲೊಂದು ಸಣ್ಣ ಓಟ ತುಂಬಿಸೋಣ ಅಂದ. ನಾನು ಒಪ್ಪಲಿಲ್ಲ. ರಾಕ್ ಹಾಡು ಜನರನ್ನು ಹಿಡಿಯೋದು ಇಂಥ ಖಾಲಿ ಜಾಗದಲ್ಲೇ. ಒಂದೇ ವಿಷಯವನ್ನು ಮತ್ತೆ ಮತ್ತೆ ನುಡಿಸಿ, ಮುಂದೇನು ಬರುತ್ತದೆ ಅಂತ ಕೇಳುವವರ ಮೈಗೇ ಗೊತ್ತಾಗುವ ಹಾಗೆ ಮಾಡಬೇಕು. ಆಮೇಲೆ ಅದರಲ್ಲಿ ಒಂದು ಚೂರು ಬಿಟ್ಟುಬಿಡಬೇಕು. ಆ ಚೂರನ್ನು ಅವರೇ ತುಂಬುತ್ತಾರೆ. ಕ್ವೀನ್ ಬ್ಯಾಂಡಿನವರು 1977ರಲ್ಲಿ ತಂದ 'ವಿ ವಿಲ್ ರಾಕ್ ಯೂ' ನೋಡಿ. ಡ್ರಮ್ ಸೆಟ್ಟೇ ಇಲ್ಲ. ಹಲಗೆ ಮೇಲೆ ಕಾಲು ಕುಟ್ಟಿ, ಚಪ್ಪಾಳೆ ತಟ್ಟಿ ರೆಕಾರ್ಡ್ ಮಾಡಿದ್ದು. ಎರಡು ಸಲ ಕಾಲು, ಒಂದು ಚಪ್ಪಾಳೆ, ಆಮೇಲೆ ಬಿಡುವು. ಗಿಟಾರ್ ಬರೋದು ಕೊನೆಯಲ್ಲಿ. ಅಲ್ಲಿಯವರೆಗೂ ಕಾಯಿಸುತ್ತಾರೆ. ಸ್ಟೇಡಿಯಂಗಳಲ್ಲಿ ಸಾವಿರಾರು ಜನ ಅದನ್ನು ಕುಟ್ಟುವಾಗ ಯಾರೂ ಬರೀ ಕೇಳುಗರಾಗಿ ಉಳಿಯೋದಿಲ್ಲ.

ಇದೇ ಕಾರಣಕ್ಕೆ ಚರಣದಲ್ಲಿ ಸದ್ದು ಇಳಿಸಿದ್ದೇವೆ. ಬೇಸ್, ಮುಚ್ಚಿದ ಹೈಹ್ಯಾಟ್ (ಡ್ರಮ್ ಸೆಟ್ಟಿನ ಜೋಡಿ ತಟ್ಟೆ), ದನಿ, ಇಷ್ಟೇ. ನಿರ್ವಾಣ ಬ್ಯಾಂಡಿನ 1991ರ 'ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್' ಈ ಮೆತ್ತಗೆ-ಜೋರು ಆಟವನ್ನು ಮನೆಮನೆಗೆ ಮುಟ್ಟಿಸಿತು. ಪಿಕ್ಸೀಸ್ ಬ್ಯಾಂಡಿನಿಂದ ಕಲಿತದ್ದು ಅಂತ ಅದರ ಹಾಡುಗಾರ ಕರ್ಟ್ ಕೋಬೇನ್ ತಾವೇ ಹೇಳಿದ್ದರು. ಮೊದಲಿಂದ ಕೊನೆವರೆಗೂ ಒಂದೇ ಸಮ ಜೋರಾಗಿದ್ದರೆ ಸ್ವಲ್ಪ ಹೊತ್ತಿಗೆ ಕಿವಿಗೆ ಅದು ಜೋರು ಅನಿಸೋದೇ ನಿಂತುಹೋಗುತ್ತದೆ.

ಆಗಸ್ಟ್

ಕೊನೆಗೂ ಗಿಟಾರ್.

ಇ ಸ್ವರವನ್ನೇ ಷಡ್ಜ ಅಂತ ಇಟ್ಟುಕೊಂಡಿದ್ದೇವೆ. ಚರಣದ ಕೊನೆಗೆ ಸಿ, ಡಿ, ಆಮೇಲೆ ವಾಪಸ್ ಇ. ಎಲ್ಲವೂ ಪವರ್ ಕಾರ್ಡ್. ಹೆಸರು ದೊಡ್ಡದು, ಆದರೆ ಅದರಲ್ಲಿರೋದು ಎರಡೇ ಸ್ವರ, ಸ ಮತ್ತು ಪ. ನಮ್ಮ ತಂಬೂರಿಯ ಸ್ವರಗಳೇ. ಗಾಂಧಾರ ಇಲ್ಲ. ಗಿಟಾರಿನ ಸದ್ದನ್ನು ಒರಟು ಮಾಡುವ ಡಿಸ್ಟಾರ್ಶನ್ ಹಾಕಿದಾಗ ಸ್ವರಗಳು ಒಂದಕ್ಕೊಂದು ತಾಗಿ ಹೊಸ ಹೊಸ ಸದ್ದು ಹುಟ್ಟುತ್ತವೆ. ಸ-ಪ ಇದ್ದರೆ ಆ ಸದ್ದೂ ಹೊಂದಿಕೊಳ್ಳುತ್ತದೆ, ಗಾಂಧಾರ ಸೇರಿದರೆ ಕಲಸಿಹೋಗುತ್ತದೆ. ಅದಕ್ಕೇ ಬಿಡೋದು.

ಹಾಗಾಗಿ ಹಾಡು ದುಃಖದ್ದೋ ಸಂತೋಷದ್ದೋ ಅಂತ ಗಿಟಾರ್ ಹೇಳೋದಿಲ್ಲ. ಅದನ್ನು ತೀರ್ಮಾನ ಮಾಡೋದು ಹಾಡುವವರ ಗಾಂಧಾರ. ಚರಣದಲ್ಲೂ ಪಲ್ಲವಿಯಲ್ಲೂ ಸಾಧಾರಣ ಗಾಂಧಾರ ಹಿಡಿದಿದ್ದೇನೆ, ದುಃಖದ ಬಣ್ಣ ಇರೋ ಕೆಳಗಿನ ಗಾಂಧಾರ. ಕೊನೇ ಸಲ ಪಲ್ಲವಿ ಬಂದಾಗ ಮಾತ್ರ 'ಅಣ್ಣಾ' ಅನ್ನೋ ಜಾಗದಲ್ಲಿ ಸಂತೋಷದ ಬಣ್ಣ ಇರೋ ಮೇಲಿನ ಅಂತರ ಗಾಂಧಾರಕ್ಕೆ ಏರುತ್ತೇನೆ. ಕೆಳಗೆ ಅದೇ ಸ-ಪ. ಬಸ್ ನಿಂತಿತೋ ಇಲ್ಲವೋ ಅಂತ ಸಾಹಿತ್ಯದಲ್ಲಿ ಎಲ್ಲೂ ಹೇಳಿಲ್ಲ. ಆ ಒಂದು ಸ್ವರ ಕೇಳಿದಾಗ ನಿಂತಿತು ಅಂತ ನನಗನಿಸುತ್ತದೆ. ರೆಕಾರ್ಡಿಂಗ್ ಕೇಳಿದ ಅಕ್ಕನಿಗೂ ಹಾಗೇ ಅನಿಸಿತಂತೆ, ನಾನೇನೂ ಹೇಳದೇನೇ. ಇಡೀ ಕೆಲಸದಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟದ್ದು ಇದು.

ಬಾಕಿ ಇರೋದು: ಎರಡನೇ ಚರಣದ ಕೊನೇ ಸಾಲು, ಹಿನ್ನೆಲೆ ದನಿಗಳು, ಮಿಕ್ಸಿಂಗ್.

ಈ ನಡುವೆ ಮುಂದಿನ ಹಾಡೂ ತಲೆಯಲ್ಲಿ ಸುತ್ತುತ್ತಿದೆ. 'ಕೆರೆಯ ಏರಿಯ ಮೇಲೆ ನಡೆದೆನು' ಅಂತ ಒಂದು ಸಾಲು ಬಂದಿದೆ. ಮೂರು ನಾಲ್ಕು, ಮೂರು ನಾಲ್ಕು. ಭಾಮಿನಿ ಷಟ್ಪದಿಯ ನಡೆ. ಕುಮಾರವ್ಯಾಸ ತನ್ನ ಭಾರತವನ್ನು ಇದರಲ್ಲೇ ಹೇಳಿದ. ಪಿಂಕ್ ಫ್ಲಾಯ್ಡ್ 1973ರ 'ಮನಿ' ಹಾಡನ್ನು ಏಳರ ಲೆಕ್ಕದಲ್ಲೇ ಕಟ್ಟಿದ್ದರು, ಗಿಟಾರ್ ಸೋಲೋ ಬಂದಾಗ ನಾಲ್ಕಕ್ಕೆ ಹೊರಳುತ್ತಾರೆ. ನಾನು ಹೊರಳದೇ ಏಳರಲ್ಲೇ ಕೊನೆವರೆಗೂ ಇರಬೇಕು ಅಂತಿದ್ದೇನೆ. ತಕಿಟ ತಕಧಿಮಿ ಅಂತ ಹೇಳಿಕೊಂಡರೆ ಕಿಕ್ ಮೊದಲ 'ತ'ಗೆ, ಸ್ನೇರ್ ಎರಡನೇ 'ತ'ಗೆ. ಭಾನುವಾರ ಪ್ರಾಕ್ಟೀಸಿನಲ್ಲಿ ಇದನ್ನು ಡ್ರಮ್ಮರ್ ಮುಂದೆ ಇಡುತ್ತೇನೆ.