ಇಲ್ಲ, ಅದು ಐರ್ಲೆಂಡಿನ ಸಂಕ್ರಾಂತಿ ಅಲ್ಲ

ಆಗಸ್ಟ್ ಬಂತೆಂದರೆ ಊರಿಂದ ಫೋನೂ ಬಂತು. "ಸೋಮವಾರ ನಿಮಗೆ ರಜೆಯಂತಲ್ಲ, ಎಂತ ಹಬ್ಬ ಮಾರಾಯ್ತಿ?" ಲೂನಸಾ, ಇಲ್ಲಿಯ ಹಳೇ ಸುಗ್ಗಿ ಹಬ್ಬ, ಏಸುವಿನ ಹೆಸರು ಈ ದ್ವೀಪಕ್ಕೆ ಬರುವ ಮೊದಲಿನ ಪೇಗನ್ ಕಾಲದ್ದು ಅಂತ ನಾನು ಹೇಳಿ ಮುಗಿಸುವುದರೊಳಗೆ ಮುಂದಿನ ಪ್ರಶ್ನೆ: "ಹಾಂ, ಅಂದ್ರೆ ನಮ್ಮ ಸಂಕ್ರಾಂತಿ ಥರ?"

ಅಲ್ಲ. ಎಳ್ಳೂ ಇಲ್ಲ, ಬೆಲ್ಲವೂ ಇಲ್ಲ. ಸೂರ್ಯ ಯಾವ ರಾಶಿಯಲ್ಲಿದ್ದಾನೆ ಅಂತ ಇಲ್ಲಿ ಯಾರೂ ಕೇಳುವುದಿಲ್ಲ. ಅವನು ಮೋಡದಿಂದ ಹೊರಗೆ ಬಂದರೇ ದೊಡ್ಡ ವಿಷಯ.

ರಜೆಯ ಲೆಕ್ಕ ಮೊದಲು ಮುಗಿಸಿಬಿಡುತ್ತೇನೆ. ಆಗಸ್ಟಿನ ಮೊದಲ ಸೋಮವಾರದ ರಜೆಯನ್ನು ಯಾವ ದೇವರೂ ಕೊಟ್ಟದ್ದಲ್ಲ. ಬ್ರಿಟಿಷರು 1871ರಲ್ಲಿ ಮಾಡಿದ ಬ್ಯಾಂಕ್ ರಜಾ ಕಾಯಿದೆ ಕೊಟ್ಟದ್ದು. ಹಬ್ಬದ ಹತ್ತಿರಕ್ಕೇ ಬಂದು ಬಿದ್ದಿದೆ, ಅಷ್ಟೇ. ಆ ದಿನ ಜನ ಕಾರಿನ ಡಿಕ್ಕಿ ತುಂಬಿಕೊಂಡು ಸಮುದ್ರದ ಕಡೆ ಹೋಗುತ್ತಾರೆ, ಮಳೆಯಲ್ಲಿ ನೆಂದು ವಾಪಸ್ ಬರುತ್ತಾರೆ.

ಇನ್ನು ಕಥೆ. ನಮ್ಮ ಮೀದ್ ಜಿಲ್ಲೆಯಲ್ಲಿ, ನಾವನ್ ಮತ್ತು ಕೆಲ್ಸ್ ಪೇಟೆಗಳ ನಡುವೆ ಟೆಲ್ಟೌನ್ ಅಂತ ಒಂದು ಜಾಗ ಇದೆ. ಟಾಲ್ಟಿಯು ಎಂಬವಳು ಕಾಡು ಕಡಿದು ಬಯಲು ಮಾಡಿ, ಬೇಸಾಯಕ್ಕೆ ನೆಲ ಬಿಡಿಸಿಕೊಟ್ಟು, ಆ ದುಡಿತದ ಸುಸ್ತಿಗೇ ಸತ್ತಳಂತೆ. ಅವಳು ಸಾಕಿದ ಮಗ ಲೂಗ್ ದೇವರು ತಾಯಿಯ ನೆನಪಿಗೆ ವರ್ಷಕ್ಕೊಮ್ಮೆ ಆಟೋಟ, ಜಾತ್ರೆ ನಡೆಯಬೇಕೆಂದು ಕಟ್ಟಳೆ ಮಾಡಿದ. ಲೂನಸಾ ಅದರಿಂದ ಹುಟ್ಟಿತು ಅನ್ನುತ್ತದೆ ಹಳೆಯ ಕಥೆ. ಅಂದರೆ ಈ ಸುಗ್ಗಿಯ ಬುಡದಲ್ಲಿರುವುದು ಒಬ್ಬ ತಾಯಿಯ ಬೊಜ್ಜ, ಉತ್ತರಕ್ರಿಯೆ. ಕೆಲಸ ಮಾಡಿ ಮಾಡಿ ಸತ್ತ ಹೆಂಗಸಿಗೆ ಮಗ ಕುದುರೆ ಓಟ ಇಡಿಸುತ್ತಾನೆ, ಕೀರ್ತಿ ಮಾತ್ರ ಮಗನದು, ಹಬ್ಬದ ಹೆಸರೂ ಮಗನದೇ. ಇದು ಮಾತ್ರ ನಮ್ಮ ಕಡೆಯ ಥರವೇ ಅಂತ ಒಪ್ಪುತ್ತೇನೆ. ಆ ಜಾತ್ರೆ 1168ರಲ್ಲೂ ನಡೆದದ್ದು ದಾಖಲೆಯಲ್ಲಿದೆ. ಈಗ ಹೋದರೆ ಹುಲ್ಲು, ದಿಬ್ಬ, ಕುರಿ.

ಕಳೆದ ಸಲ ಊರಿಗೆ ಹೋದಾಗ ಊಟದ ಪಂಕ್ತಿಯಲ್ಲಿ ಸೋದರಮಾವ ಎಲ್ಲರಿಗೂ ಕೇಳುವ ಹಾಗೆ ಕೇಳಿದರು: "ಅಲ್ಲ ಮಗಾ, ಪೇಗನ್ ಅಂದ್ರೆ ಮಾಟ ಮಂತ್ರದವರಲ್ವಾ? ನರಬಲಿ ಎಲ್ಲ ಉಂಟಂತೆ?" ಕೇಳಿದ್ದು ಯಾರು? ಪ್ರತಿ ವರ್ಷ ಮನೆಯ ಪಂಜುರ್ಲಿಗೆ ತಪ್ಪದೆ ಕೋಲ ಕೊಡುವವರು. ದೈವದ ಮುಂದೆ ಕೈಮುಗಿದು ನಿಂತು ನುಡಿ ಕೇಳಿಸಿಕೊಳ್ಳುವವರು. ಬಾಯಿಗೆ ಬಂದದ್ದನ್ನು ನುಂಗಿ, "ಮಾವ, ನಮ್ಮ ಬಗ್ಗೆ ಬಿಳಿ ಪಾದ್ರಿಗಳು ಇದನ್ನೇ ಬರೆದದ್ದು" ಅಂದೆ. ಪಕ್ಕದ ಎಲೆಯವರು ನಕ್ಕರು. ಮಾವ ಹಪ್ಪಳ ಮುರಿದರು. ಅತ್ತೆ ಮಾತ್ರ "ಇವಳಿಗೆ ಅಲ್ಲಿಗೆ ಹೋದ ಮೇಲೆ ಬಾಯಿ ಜೋರಾಗಿದೆ" ಅಂದರು. ಇಲ್ಲಿಗೆ ಬರುವ ಮೊದಲೂ ಜೋರೇ ಇತ್ತು, ಕೇಳುವವರು ಇರಲಿಲ್ಲ.

ನರಬಲಿಯ ಪ್ರಶ್ನೆಗೂ ಉತ್ತರ ಇರಲಿ. ಕೆರಿ ಜಿಲ್ಲೆಯ ಕಿಲ್ಲಾರ್ಗ್ಲಿನ್‌ನಲ್ಲಿ ಆಗಸ್ಟ್ 10ರಿಂದ 12ರವರೆಗೆ ಪಕ್ ಫೇರ್ ಅಂತ ಜಾತ್ರೆ. 17ನೇ ಶತಮಾನದ ಆರಂಭದ ರಾಜಪತ್ರದಲ್ಲಿ ಈ ಜಾತ್ರೆಯ ಮಾತಿದೆ. ಲೂನಸಾದ ಪಳೆಯುಳಿಕೆ ಎಂದು ಹಲವರ ನಂಬಿಕೆ. ಗುಡ್ಡದಿಂದ ಒಂದು ಕಾಡು ಹೋತವನ್ನು ಹಿಡಿದು ತಂದು, ಶಾಲೆಗೆ ಹೋಗುವ ಹುಡುಗಿಯೊಬ್ಬಳ ಕೈಯಲ್ಲಿ ಕಿರೀಟ ತೊಡಿಸಿ ರಾಜನೆಂದು ಸಾರಿ, ಎತ್ತರದ ಅಟ್ಟದ ಮೇಲೆ ಕೂರಿಸುತ್ತಾರೆ. ಆಮೇಲೆ ರಾಜನನ್ನು ಮತ್ತೆ ಗುಡ್ಡಕ್ಕೆ ಬಿಡುತ್ತಾರೆ. 2022ರಲ್ಲಿ ಬಿಸಿಲು ಹೆಚ್ಚಾಯಿತೆಂದು ರಾಜನನ್ನು ಅಟ್ಟದಿಂದ ಇಳಿಸಿದ್ದರು. ಬಲಿ ಅಂತೆ ಬಲಿ.

ಮೈದಾನದಲ್ಲಿ ವೃತ್ತ ಕಟ್ಟಿ ನಿಂತು, ಹೊಸ ಗೋಧಿಯ ರೊಟ್ಟಿ ಮುರಿದು, ತೆನೆಯ ಗೊಂಬೆ ಮಾಡುವ ಹೊಸ ಕಾಲದ ಪೇಗನ್ನರೂ ಇದ್ದಾರೆ. ವರ್ಷಕ್ಕೆ ಎಂಟು ಹಬ್ಬ ಅನ್ನುವ ಅವರ ಪಂಚಾಂಗ ಕೂಡಿಬಂದದ್ದು 1950ರ ದಶಕದ ಇಂಗ್ಲೆಂಡಿನಲ್ಲಿ. ಅವರ ಮೇಲೆ ನನಗೇನೂ ತಕರಾರಿಲ್ಲ, ರೊಟ್ಟಿ ಚೆನ್ನಾಗಿಯೇ ಇರುತ್ತದೆ. ಆದರೆ ಇಲ್ಲಿಯ ರೈತರ ಮನೆಗಳಲ್ಲಿ ಉಳಿದು ಬಂದದ್ದೇ ಬೇರೆ. 1942ರಲ್ಲಿ ಐರಿಷ್ ಜಾನಪದ ಆಯೋಗ ಊರೂರಿಗೆ ಪ್ರಶ್ನಾವಳಿ ಕಳಿಸಿ ಈ ಹಬ್ಬದ ಬಗ್ಗೆ ವಿಚಾರಿಸಿತು. ಮೋಯ್ರಾ ಮ್ಯಾಕ್‌ನೀಲ್ ಅದನ್ನೆಲ್ಲ ಜಾಲಾಡಿ 1962ರಲ್ಲಿ ದಪ್ಪ ಪುಸ್ತಕವನ್ನೇ ತಂದರು. ಅದರಲ್ಲಿ ತುಂಬಿರುವುದು ರೈತರು ಈ ಹಬ್ಬ ಮಾಡುತ್ತಿದ್ದ ಜುಲೈ ಕೊನೆಯ ಭಾನುವಾರದ ಸುದ್ದಿ: ಗುಡ್ಡ ಹತ್ತಿದ್ದು, ಹಣ್ಣು ಕಿತ್ತದ್ದು, ಹೊಸ ಆಲೂಗಡ್ಡೆ ಅಗೆದದ್ದು.

ಗುಡ್ಡಗಳಲ್ಲಿ ಎಲ್ಲಕ್ಕಿಂತ ಹೆಸರಾದದ್ದು ಮೇಯೋ ಜಿಲ್ಲೆಯ ಕ್ರೋ ಪ್ಯಾಟ್ರಿಕ್, 764 ಮೀಟರ್. ಈಗ ಅದು ಸಂತ ಪ್ಯಾಟ್ರಿಕ್ಕನ ಯಾತ್ರೆ. ಜಲ್ಲಿಕಲ್ಲಿನ ದಾರಿಯಲ್ಲಿ ಬರಿಗಾಲಲ್ಲಿ ಹತ್ತುವವರೂ ಇದ್ದಾರೆ. ಸಣ್ಣ ಗುಡ್ಡಗಳಿಗೆ ಹುಡುಗ ಹುಡುಗಿಯರು ಬಿಲ್ಬೆರಿ ಕೊಯ್ಯುವ ನೆಪದಲ್ಲಿ ಹೋಗುತ್ತಿದ್ದರು. ನಾನೂ ಕೊಯ್ದಿದ್ದೇನೆ. ಮೊಣಕಾಲಿಗೂ ಬಾರದ ಗಿಡ, ನಮ್ಮ ಹಾಡಿಯ ಕುಂಟಾಲ ಹಣ್ಣಿಗಿಂತ ಚಿಕ್ಕ ಕಪ್ಪು ಹಣ್ಣು, ಎಲೆ ಎತ್ತಿ ನೋಡಿದರೆ ಒಂದು, ಮತ್ತೆ ಮಾರು ದೂರದಲ್ಲಿ ಇನ್ನೊಂದು. ಸೊಂಟ ಬಿದ್ದುಹೋಗುತ್ತದೆ, ಡಬ್ಬಿಯ ತಳ ಮುಚ್ಚುವುದಿಲ್ಲ. ಇಡೀ ಮಧ್ಯಾಹ್ನ ಕೊಯ್ದರೂ ಇಷ್ಟೇ ಸಿಕ್ಕಿತು ಅಂತ ಮನೆಯಲ್ಲಿ ಹೇಳಿದರೆ ಯಾರಿಗೂ ಸಂಶಯ ಬಾರದ ಹಣ್ಣು. ಆ ಕಾಲದ ಮದುವೆಗಳು ಹಾಗೆ ಕುದುರಿದವಂತೆ, ಆಶ್ಚರ್ಯವೇನಿಲ್ಲ.

ಆಲೂಗಡ್ಡೆಯ ವಿಷಯಕ್ಕೆ ಬಂದರೆ, ನನ್ನನ್ನು ಒಬ್ಬರೂ ಕೇಳದ ಪ್ರಶ್ನೆ ಒಂದಿದೆ. ಜುಲೈಯಲ್ಲಿ ಇವರು ಏನು ತಿನ್ನುತ್ತಿದ್ದರು?

ಹಳೇ ಆಲೂಗಡ್ಡೆ ಮುಗಿದಿರುತ್ತಿತ್ತು, ಇಲ್ಲವೇ ಕೊಳೆತಿರುತ್ತಿತ್ತು. ಹೊಸದು ಮಣ್ಣೊಳಗೆ ಬಲಿತಿರುತ್ತಿರಲಿಲ್ಲ. ಹಸಿವಿನ ಜುಲೈ ಅಂತಲೇ ಆ ತಿಂಗಳಿಗೆ ಹೆಸರು. ಎಲೆಕೋಸಿನ ಜುಲೈ ಅಂತಲೂ ಕರೆಯುತ್ತಿದ್ದರು, ಬೇರೇನೂ ಇರುತ್ತಿರಲಿಲ್ಲವಲ್ಲ. ಆ ಭಾನುವಾರಕ್ಕೆ ಮೊದಲು ಗದ್ದೆಗೆ ಗುದ್ದಲಿ ಹಾಕಿದರೆ ಮರ್ಯಾದೆ ಹೋಗುತ್ತಿತ್ತು: ಮನೆಯವರ ಹೊಟ್ಟೆ ತುಂಬಿಸಲಾಗದ ಗಂಡಸು ಎಂದು ಊರೇ ಆಡಿಕೊಳ್ಳುತ್ತಿತ್ತು. ಹಬ್ಬ ಅಂದರೆ ತಾಳಿಕೊಂಡದ್ದು ಮುಗಿದ ದಿನ. ಬೇಯಿಸಿದ ಹೊಸ ಆಲೂಗಡ್ಡೆ, ಬೆಣ್ಣೆ, ಸಾಧ್ಯವಾದರೆ ಒಂದು ತುಂಡು ಹಂದಿಮಾಂಸ. ಲೂಗ್ ದೇವರ ಕಾಲದಲ್ಲಿ ಆಲೂಗಡ್ಡೆ ಎಲ್ಲಿತ್ತು ಅಂತ ಕೇಳಬೇಡಿ. ಇರಲಿಲ್ಲ, ಬಾರ್ಲಿ, ಓಟ್ಸ್, ಗೋಧಿ ಇತ್ತು. ದಕ್ಷಿಣ ಅಮೆರಿಕದ ಗಡ್ಡೆ ಬಂದು ಹಳೇ ದೇವರ ಎಲೆಗೆ ಬಿತ್ತು, ಯಾರೂ ಪಂಕ್ತಿಯಿಂದ ಎಬ್ಬಿಸಲಿಲ್ಲ.

1846ರಲ್ಲಿ ಆ ಕೊನೆಯ ಭಾನುವಾರ ಜುಲೈ 26ಕ್ಕೆ ಬಿದ್ದಿತ್ತು. ಹಿಂದಿನ ವರ್ಷದ ಬೆಳೆಯಲ್ಲಿ ದೊಡ್ಡ ಪಾಲು ಅಂಗಮಾರಿ ರೋಗಕ್ಕೆ ಹೋಗಿತ್ತು, ಈ ವರ್ಷವಾದರೂ ಕೈಹಿಡಿಯಲಿ ಅಂತ ಕಾದಿದ್ದರು. ಕುಡಿತ ಬಿಡಿಸುವ ಚಳವಳಿಯಿಂದ ಮನೆಮಾತಾಗಿದ್ದ ಪಾದ್ರಿ ಥಿಯೋಬಾಲ್ಡ್ ಮ್ಯಾಥ್ಯೂ ಮರುದಿನ, 27ರಂದು, ಕಾರ್ಕ್‌ನಿಂದ ಡಬ್ಲಿನ್ನಿಗೆ ಹೊರಟರು. ದಾರಿಯುದ್ದಕ್ಕೂ ಗದ್ದೆ ತುಂಬಾ ಹೂವು. ಆಗಸ್ಟ್ 3ರಂದು ಅದೇ ದಾರಿಯಲ್ಲಿ ವಾಪಸ್ ಬರುವಾಗ ಎಲ್ಲ ಕೊಳೆತು ನಾರುತ್ತಿತ್ತು. ಜನ ಬೇಲಿಯ ಮೇಲೆ ಕೂತು ಕೈ ಹಿಸುಕಿಕೊಂಡು ಅಳುತ್ತಿದ್ದರೆಂದು ಅವರೇ ಸರ್ಕಾರಕ್ಕೆ ಪತ್ರ ಬರೆದರು. ಸರಿಯಾಗಿ ಹಬ್ಬದ ವಾರ. ಆ ಬರಗಾಲದಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಹೆಚ್ಚುಕಡಿಮೆ ಅಷ್ಟೇ ಜನ ಹಡಗು ಹತ್ತಿದರು. ಎಳ್ಳು ಬೆಲ್ಲ ಇದೆಯಾ ಅಂತ ಕೇಳಿದಾಗ ನನಗೆ ಸಿಟ್ಟು ಬರುವುದು ಇದಕ್ಕೇ. ಮಾವನಿಗೆ ಇದನ್ನು ಪಂಕ್ತಿಯಲ್ಲಿ ಹೇಳಲು ಆಗಲಿಲ್ಲ, ಪಾಯಸ ಬರುತ್ತಿತ್ತು.

ಹೋಲಿಕೆ ಬೇಕೇ ಬೇಕೆಂದರೆ ನಮ್ಮ ಹೊಸ್ತನ್ನು ನೆನಪು ಮಾಡಿಕೊಳ್ಳಿ: ತೆನೆ ತಂದು ಕಂಬಕ್ಕೆ ಕಟ್ಟಿ, ಹೊಸ ಅಕ್ಕಿಯ ಊಟಕ್ಕೆ ಮೊದಲು ಹಿರಿಯರ ಕಾಲಿಗೆ ಬೀಳುವ ದಿನ. ಅಥವಾ ಸೆಪ್ಟೆಂಬರ್ 8ರ ಮೊಂತಿ ಹಬ್ಬ, ಮಂಗಳೂರಿನ ಇಗರ್ಜಿಗಳಲ್ಲಿ ಮರಿಯಮ್ಮನ ಜೊತೆ ಹೊಸ ತೆನೆಗೂ ಆಶೀರ್ವಾದ ಸಿಗುವ ದಿನ. ಸಂಕ್ರಾಂತಿಯನ್ನು ಅದರ ಪಾಡಿಗೆ ಬಿಟ್ಟುಬಿಡಿ.

ನಮ್ಮ ಪಕ್ಕದ ಮನೆಯ ಅಜ್ಜ ಜೀವನವಿಡೀ ಬೇಸಾಯ ಮಾಡಿದವರು. ನೀವು ಲೂನಸಾ ಮಾಡುತ್ತೀರಾ ಅಂತ ಒಮ್ಮೆ ಕೇಳಿದೆ. ಅದೆಲ್ಲ ಗಿಟಾರಿನವರದು, ನಮ್ಮದಲ್ಲ ಅಂದರು. ಆಮೇಲೆ ಗೇಟಿಗೆ ಒರಗಿ ನಿಂತು, ಕ್ವೀನ್ಸ್ ಆಲೂಗಡ್ಡೆ ಈ ಸಲ ರಸ್ತೆಬದಿಗೆ ಮಾರಲು ಬಂತಾ, ಬೇಯಿಸಿದರೆ ಹಿಟ್ಟು ಹಿಟ್ಟಾಗಿ ಬಿರಿಯುತ್ತದಾ ಇಲ್ಲ ಸೋಪಿನ ಹಾಗಿದೆಯಾ, ಬೇಗ ಅಗೆದ ಗಡಿಬಿಡಿಯವರು ಯಾರು ಅಂತ ಅರ್ಧ ಗಂಟೆ ಮಾತಾಡಿದರು.