ಲೇಟಾಗುವುದು ಕೈಯಲ್ಲ, ಕಾಲು

ಹುಡುಗ ಸತತ ಎರಡು ಬಾಲ್ ತಪ್ಪಿಸಿಕೊಂಡರೆ ಸಾಕು, ಬಲೆಯಾಚೆಯಿಂದ ಅಪ್ಪಂದಿರ ಕೂಗು ಶುರು: "ಬೇಗ ಬೀಸೋ!" ನ್ಯೂಜೆರ್ಸಿಯಲ್ಲಿ ಮಕ್ಕಳಿಗೆ ಬೇಸ್‌ಬಾಲ್ ಬ್ಯಾಟಿಂಗ್ ಹೇಳಿಕೊಡುವುದು ನನ್ನ ಕೆಲಸ. ಕನ್ನಡದಲ್ಲೂ ಈ ಕೂಗು ಕೇಳಿಸುತ್ತಿರುತ್ತದೆ.

ತಡವಾಗಿ ಬೀಸುವ ಮಕ್ಕಳ ಕೈ ಸಾಮಾನ್ಯವಾಗಿ ಚುರುಕಾಗಿಯೇ ಇರುತ್ತದೆ. ಅದಕ್ಕೇ ನಾನು ಮೊದಲು ನೋಡುವುದು ಮುಂಗಾಲಿನ, ಅಂದರೆ ಬಾಲ್ ಎಸೆಯುವ ಪಿಚರ್ ಕಡೆಗಿರುವ ಕಾಲಿನ ಶೂ. ಪಿಚರ್ ಕೈಯಿಂದ ಬಾಲ್ ಬಿಡುವಾಗ ಆ ಕಾಲು ಎದ್ದಿರಬೇಕು, ಬಾಲ್ ಅರ್ಧ ದಾರಿ ಬರುವಷ್ಟರಲ್ಲಿ ನೆಲಕ್ಕೆ ಊರಿರಬೇಕು. ಅಮೆರಿಕದ ವೃತ್ತಿಪರ ಮೇಜರ್ ಲೀಗ್‌ನಲ್ಲಿ ಪಿಚರ್‌ಗೂ ಬ್ಯಾಟ್ ಮಾಡುವವನ ಮುಂದಿನ ಪ್ಲೇಟ್‌ಗೂ 60 ಅಡಿ 6 ಇಂಚು; ಗಂಟೆಗೆ 95 ಮೈಲಿಯ ಬಾಲ್ ಸುಮಾರು 0.4 ಸೆಕೆಂಡಿನಲ್ಲಿ ಬಂದುಬಿಡುತ್ತದೆ. ಅದರಲ್ಲಿ 0.15 ಸೆಕೆಂಡ್ ಬ್ಯಾಟ್ ಬೀಸುವುದಕ್ಕೇ ಬೇಕು. ನಮ್ಮ ಮಕ್ಕಳಿಗೆ ಬಾಲ್ ನಿಧಾನ ನಿಜ, ಆದರೆ ಲಿಟ್ಲ್ ಲೀಗ್‌ನಲ್ಲಿ ದೂರವೂ 46 ಅಡಿಯಷ್ಟೇ.

ಕ್ರಿಕೆಟ್ ಆಡಿ ಬಂದ ಮಕ್ಕಳಿಗೆ ಇದು ಇನ್ನೂ ಕಷ್ಟ. ಬಾಲ್ ಎಲ್ಲಿ ಪಿಚ್ ಆಗುತ್ತೆ ಅಂತ ನೋಡಿ ಕಾಲು ಇಡುವುದು ಅವರ ಅಭ್ಯಾಸ. ಇಲ್ಲಿ ಬಾಲ್ ಪುಟಿಯುವುದೇ ಇಲ್ಲ. ಕಾಯುತ್ತಾ ನಿಂತರೆ ಕಾಲು ಊರುವ ಹೊತ್ತಿಗೆ ಅದು ಹಿಂದೆ ಕೂತ ಕ್ಯಾಚರ್ ಕೈಯಲ್ಲಿರುತ್ತದೆ.

ಕಾಲು ತಡವಾದರೆ ಭಂಗಿಯೂ ಕೆಡುತ್ತದೆ. ಸೊಂಟದಲ್ಲಿ ಬಾಗಿ ನಿಂತಿದ್ದ ಹುಡುಗ ಅವಸರಕ್ಕೆ ನೆಟ್ಟಗಾಗುತ್ತಾನೆ, ತಲೆ ಮೇಲೇಳುತ್ತದೆ, ಬ್ಯಾಟ್ ಬಾಲಿನ ನೆತ್ತಿ ಸವರಿ ಅದು ನೆಲದಲ್ಲಿ ಉರುಳುತ್ತದೆ. ಕಾಲು ಹೊತ್ತಿಗೆ ಸರಿಯಾಗಿ ಊರಿ, ಕೈ ಇನ್ನೂ ಹಿಂದೆಯೇ ಇದ್ದರೆ ಮೈ ಪಂಚೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತದೆ. ಆಮೇಲೆ ಸೊಂಟ, ಎದೆ, ಕೊನೆಗೆ ಕೈ, ಒಂದರ ಹಿಂದೆ ಒಂದು ಬಿಚ್ಚಿಕೊಳ್ಳುತ್ತವೆ.

ಜಪಾನಿನ ಹೆಸರಾಂತ ಬೇಸ್‌ಬಾಲ್ ಆಟಗಾರ ಸದಾಹಾರು ಓ ಅವರ ತೊಂದರೆಯೂ ಟೈಮಿಂಗೇ. 1962ರಲ್ಲಿ ಓ ಅವರಿಗೆ ಕೋಚ್ ಹಿರೋಷಿ ಅರಾಕಾವಾ ಮುಂಗಾಲನ್ನು ಮೊದಲೇ ಎತ್ತಿ ಒಂಟಿಕಾಲಲ್ಲಿ ನಿಲ್ಲುವುದನ್ನು ಕಲಿಸಿದರು. ಹಿಂದಿನ ವರ್ಷ 13 ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) ಹೊಡೆದಿದ್ದವರು ಆ ವರ್ಷ 38 ಹೊಡೆದರು. ನಿವೃತ್ತಿಯ ಹೊತ್ತಿಗೆ ಒಟ್ಟು 868. ಮಕ್ಕಳಿಗೆ ಒಂಟಿಕಾಲು ಹೇಳಿಕೊಡುವುದಿಲ್ಲ, ಬೀಳುತ್ತಾರೆ.

ನಾನು ಮಾಡಿಸುವುದು ಇಷ್ಟು: ಬ್ಯಾಟ್ ಹೆಗಲ ಮೇಲೇ ಇರಲಿ, ನಾನು ಎಸೆದಾಗ ಕಾಲು ಮಾತ್ರ ಇಡು. ಬೀಸುವ ಹಾಗಿಲ್ಲ. ಮಕ್ಕಳಿಗೆ ಬೇಜಾರು, ಅಪ್ಪಂದಿರಿಗೆ ಇನ್ನೂ ಬೇಜಾರು. ಬಾಲ್ ಎಸೆಯುವ ಮಷಿನ್ ಮುಂದೆ ಇದನ್ನು ಮಾಡಿಸಿ ಪ್ರಯೋಜನವಿಲ್ಲ. ಅದಕ್ಕೆ ತೋಳೂ ಇಲ್ಲ, ಹೆಜ್ಜೆಯೂ ಇಲ್ಲ. ಮಗು ಯಾವುದನ್ನು ನೋಡಿ ಕಾಲೆತ್ತಬೇಕು? (ನಮ್ಮ ಜಾಗದ ಬಾಡಿಗೆ ಹುಟ್ಟುವುದೇ ಮಷಿನ್ ಟೋಕನ್‌ನಿಂದ, ಹಾಗಾಗಿ ಇದನ್ನು ಜೋರಾಗಿ ಹೇಳುವುದಿಲ್ಲ.)

ಸರಿಹೋಗುತ್ತಿದೆಯೋ ಇಲ್ಲವೋ ಬಾಲೇ ಹೇಳುತ್ತದೆ. ಬಲಗೈ ಆಟಗಾರ ತಡ ಮಾಡಿದರೆ ಬಲಕ್ಕೆ ಹೋಗುತ್ತದೆ, ಅವಸರ ಮಾಡಿದರೆ ಎಡಕ್ಕೆ. ಬ್ಯಾಟಿಗೆ ತಾಗಿ ನೆಟ್ಟಗೆ ಹಿಂದಿನ ಬಲೆಗೆ ಬಡಿದ ಫೌಲ್ (ಆಟದ ಗೆರೆಯಾಚೆ ಹೋದ ಹೊಡೆತ) ನೋಡಿ ಅಪ್ಪಂದಿರು "ಛೇ" ಅನ್ನುತ್ತಾರೆ. ನನಗೆ ಮಾತ್ರ ಅದೇ ಖುಷಿ: ಟೈಮಿಂಗ್ ಕೂಡಿಬಂದಿದೆ, ಎತ್ತರವಷ್ಟೇ ಚೂರು ತಪ್ಪಿದೆ. ಅಲ್ಲಿಂದ ಶೂ ನೋಡುವುದು ಬಿಟ್ಟು ಸೊಂಟದ ಬಾಗು ನೋಡಲು ಶುರು ಮಾಡುತ್ತೇನೆ.