ಡ್ಯಾಮ್ ನೋಡಲು ಹೊರಡುವ ಮುಂಚೆ ಎಷ್ಟು ಅಡಿ ನೀರಿದೆ ನೋಡಿ

ವಾಣಿವಿಲಾಸ ಸಾಗರ, ಭದ್ರಾ, ಲಿಂಗನಮಕ್ಕಿ. ಈ ಮೂರೂ ಜಲಾಶಯಗಳನ್ನು ಒಂದೇ ಪ್ರವಾಸದಲ್ಲಿ ನೋಡಿ ಬರಬಹುದು. ಬೆಂಗಳೂರಿನಿಂದ ಹಿರಿಯೂರು, ಅಲ್ಲಿಂದ ಹೊಸದುರ್ಗ, ಅಜ್ಜಂಪುರ, ತರೀಕೆರೆ ಮೇಲೆ ಲಕ್ಕವಳ್ಳಿ, ಆಮೇಲೆ ಶಿವಮೊಗ್ಗ, ಸಾಗರ. ದೀಪಾವಳಿ ಕಳೆದ ಮೇಲೆ ನಾವು ಮನೆಮಂದಿಯೆಲ್ಲ ಈ ದಾರಿಯಲ್ಲಿ ಹೋಗಿ ಬಂದೆವು. ಯಾವ ತಿಂಗಳು ಹೋದರೆ ಚೆಂದ ಅಂತ ಈಗ ಸುಮಾರು ಜನ ಕೇಳುತ್ತಿದ್ದಾರೆ. ತಿಂಗಳು ಆಮೇಲೆ. ಮೊದಲು ನೀರು ಎಷ್ಟು ಅಡಿ ಇದೆ ನೋಡಿ. ನೀರು ತುಂಬಿದಾಗಿನ ಜಾಗ ಬೇರೆ, ಇಳಿದಾಗಿನ ಜಾಗ ಬೇರೆ. ಎರಡಕ್ಕೂ ಅದರದೇ ಚೆಂದ ಇದೆ. ಒಂದನ್ನು ಮನಸ್ಸಲ್ಲಿಟ್ಟುಕೊಂಡು ಹೋಗಿ ಇನ್ನೊಂದು ಸಿಕ್ಕರೆ ಮಾತ್ರ ಬೇಜಾರು.

ಜಲಾಶಯಗಳ ಮಟ್ಟ ಪತ್ರಿಕೆಗಳಲ್ಲಿ ಬರುತ್ತದೆ, ಮಳೆಗಾಲದಲ್ಲಂತೂ ದಿನಾ ಬರುತ್ತದೆ. ವಾಣಿವಿಲಾಸಕ್ಕೆ ಪೂರ್ಣ ಮಟ್ಟ 130 ಅಡಿ, ಭದ್ರಾಕ್ಕೆ 186 ಅಡಿ, ಲಿಂಗನಮಕ್ಕಿಗೆ 1819 ಅಡಿ. ಕೊನೆಯದು ನೋಡಿ ಗಾಬರಿ ಬೇಡ, ಅದು ಸಮುದ್ರ ಮಟ್ಟದಿಂದ ಹಿಡಿದ ಲೆಕ್ಕ. ನೀವು ನೋಡಬೇಕಾದದ್ದು ಪೂರ್ಣ ಮಟ್ಟಕ್ಕೂ ಇವತ್ತಿನ ಮಟ್ಟಕ್ಕೂ ಇರುವ ವ್ಯತ್ಯಾಸ. ನಾಲ್ಕೈದು ಅಡಿ ಕಮ್ಮಿ ಇದ್ದರೆ ದಡದ ಹಸಿರಿಗೆ ನೀರು ತಾಗಿಕೊಂಡಿರುತ್ತದೆ. ಮೂವತ್ತು ನಲವತ್ತು ಅಡಿ ಇಳಿದಿದ್ದರೆ ಕೆಂಪು ಮಣ್ಣಿನ ಅಗಲವಾದ ಪಟ್ಟಿ ದಾಟಿ ನೀರಿನ ಹತ್ತಿರ ಹೋಗಬೇಕು. ಹೊರಹರಿವು ಜಾಸ್ತಿ ಅಂತಿದ್ದರೆ ಕೆಳಗಿನ ಹೊಳೆ ಕಡೆ ಇಳಿಯುವ ಯೋಚನೆಯನ್ನೇ ಬಿಡಿ. ಜಾಸ್ತಿ ಇಲ್ಲದಿದ್ದರೂ ಡ್ಯಾಮಿನ ಕೆಳಗೆ ಬಂಡೆ ಮೇಲೆ ಕೂರುವುದು ಒಳ್ಳೆಯದಲ್ಲ. ವಿದ್ಯುತ್ ಉತ್ಪಾದನೆಗೆ ನೀರು ಬಿಡಲು ಮಳೆಯೇ ಬರಬೇಕೆಂದಿಲ್ಲ.

ವಾಣಿವಿಲಾಸ ಸಾಗರಕ್ಕೆ ಊರಿನವರು ಹೇಳುವುದು ಮಾರಿಕಣಿವೆ ಅಂತ. ದಾರಿ ಕೇಳುವಾಗ ಆ ಹೆಸರೇ ಹೇಳಿ. ವೇದಾವತಿಗೆ ಅಡ್ಡಲಾಗಿ, ಎರಡು ಗುಡ್ಡಗಳ ನಡುವಿನ ಕಿರಿದಾದ ಜಾಗ ನೋಡಿ ಕಲ್ಲಿನಲ್ಲಿ ಕಟ್ಟಿದ್ದಾರೆ. ಕಟ್ಟಿ ಮುಗಿದದ್ದು 1907ರಲ್ಲಿ, ಮೈಸೂರು ಅರಸರ ಕಾಲದಲ್ಲಿ. ಇಲ್ಲಿ ತುಂಬಿದರೆ ನೀರು ಕೋಡಿಯಲ್ಲಿ ತಾನಾಗಿ ಹೊರಗೆ ಹೋಗುತ್ತದೆ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ! ಹಾಗಾಗಿ ಕೋಡಿ ಬಿದ್ದಿದೆ ಅಂತ ಸುದ್ದಿ ಬಂದರೆ ಜನಜಾತ್ರೆ ಸೇರುತ್ತದೆ. ನೀವು ವಾರದ ನಡುವೆ ಹೋಗಿ. ಬಯಲುಸೀಮೆಯ ಬಿಸಿಲು, ನೆರಳು ಕಮ್ಮಿ. ಬೆಳಿಗ್ಗೆ ಒಂಬತ್ತರೊಳಗೆ ಅಥವಾ ಸಂಜೆ ನಾಲ್ಕರ ಮೇಲೆ ಸರಿ. ಗಂಟೆ ಎರಡು ಗಂಟೆ ಸಾಕು, ಇಡೀ ದಿನ ಇಡಬೇಡಿ.

ಅಲ್ಲಿಂದ ಹೊಸದುರ್ಗ, ಅಜ್ಜಂಪುರದ ದಾರಿ ಹಿಡಿದರೆ ನೀರಿಗೆ ಎದುರಾಗಿ ಹೋದ ಹಾಗೆ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಭದ್ರೆಯ ನೀರನ್ನು ಮೇಲಕ್ಕೆತ್ತಿ, ಅಜ್ಜಂಪುರದ ಹತ್ತಿರ ಸುರಂಗದಲ್ಲಿ ಹಾಯಿಸಿ, ವೇದಾವತಿಗೆ ಬಿಟ್ಟು ಮಾರಿಕಣಿವೆಗೆ ತರುತ್ತಾರೆ. ಬೆಳಿಗ್ಗೆ ನೋಡಿದ ನೀರು ಎಲ್ಲಿಂದ ಬಂತು ಅಂತ ಮಕ್ಕಳಿಗೆ ಕಾರಿನಲ್ಲೇ ಹೇಳಬಹುದು. ನಮ್ಮ ಮನೆಯಲ್ಲಿ ಇದು ಅರ್ಧ ಗಂಟೆಯ ಜಗಳಕ್ಕೆ ಸಾಮಗ್ರಿಯಾಯಿತು. ನೀರು ಗುಡ್ಡ ಹತ್ತುತ್ತದಾ ಇಲ್ಲವಾ ಅಂತ.

ಭದ್ರಾ ಜಲಾಶಯ ಲಕ್ಕವಳ್ಳಿಯಲ್ಲಿದೆ. ಹಿನ್ನೀರಿನ ಸುತ್ತ ಹುಲಿ ಸಂರಕ್ಷಿತ ಪ್ರದೇಶ. ಅಂದರೆ ಕಂಡಲ್ಲಿ ಗಾಡಿ ನಿಲ್ಲಿಸಿ ದಡಕ್ಕೆ ಇಳಿಯುವ ಹಾಗಿಲ್ಲ. ಸಫಾರಿಯನ್ನು ಮೊದಲೇ ಬುಕ್ ಮಾಡಿಕೊಂಡು ಹೋಗಿ. ಇಲ್ಲಿ ನೀರು ತುಂಬಿರಬೇಕು ಅಂತ ಹಟ ಹಿಡಿಯಬೇಡಿ. ನೀರು ಇಳಿದಾಗ ನಡುವೆ ಸಣ್ಣ ಸಣ್ಣ ನಡುಗಡ್ಡೆಗಳು ತಲೆ ಎತ್ತುತ್ತವೆ. ರಿವರ್ ಟರ್ನ್ ಹಕ್ಕಿಗಳು ಗುಂಪುಗುಂಪಾಗಿ ಬಂದು ಬರಿ ನೆಲದ ಮೇಲೆ ಮೊಟ್ಟೆ ಇಡುವುದು ಅಲ್ಲೇ. ಹಕ್ಕಿ ನೋಡುವ ಆಸೆ ಇದ್ದರೆ ಬೇಸಿಗೆಯ ಆರಂಭಕ್ಕೆ ಹೋಗಿ. ನಾವು ಹೋದಾಗ ನೀರು ಜಾಸ್ತಿ ಇತ್ತು, ನಡುಗಡ್ಡೆ ಒಂದೂ ಕಾಣಲಿಲ್ಲ. ಅದರ ಬದಲು ಕಾಡಿನ ನೆರಳು ನೀರಿನ ಮೇಲೆ ಪೂರ್ತಿ ಬಿದ್ದದ್ದು ಸಿಕ್ಕಿತು. ಹಕ್ಕಿ ಇದ್ದಾಗ ಹೋಗುವವರು ದೋಣಿಯವರಿಗೆ ಹತ್ತಿರ ಹೋಗಿ ಅಂತ ದುಂಬಾಲು ಬೀಳಬೇಡಿ. ತಾಯಿ ಹಾರಿಹೋದರೆ ಮೊಟ್ಟೆ ಆ ಬಿಸಿಲಲ್ಲಿ ಉಳಿಯುವುದು ಕಷ್ಟ.

ಮಕ್ಕಳಿದ್ದರೆ ಶಿವಮೊಗ್ಗದಲ್ಲಿ ರಾತ್ರಿ ಉಳಿದು ಬೆಳಿಗ್ಗೆ ಬೇಗ ಸಕ್ರೆಬೈಲಿನ ಆನೆ ಬಿಡಾರಕ್ಕೆ ಹೋಗಿ. ಅದು ಇರುವುದು ತುಂಗೆಯ ಮೇಲಿನ ಗಾಜನೂರು ಅಣೆಕಟ್ಟಿನ ಹಿನ್ನೀರಿನ ದಡದಲ್ಲಿ. ಆನೆಗಳಿಗೆ ಸ್ನಾನ ಮಾಡಿಸುವುದು ಬೆಳಿಗ್ಗೆ ಹೊತ್ತು. ಮಧ್ಯಾಹ್ನ ಹೋದರೆ ಸುಮ್ನೆ ನೀರು ನೋಡಿ ವಾಪಸ್ ಬರಬೇಕು.

ಜಾಸ್ತಿ ದಿನ ಇಡಬೇಕಾದದ್ದು ಲಿಂಗನಮಕ್ಕಿಗೆ. ಡ್ಯಾಮಿಗಲ್ಲ, ಹಿನ್ನೀರಿಗೆ. ಶರಾವತಿಗೆ 1964ರಲ್ಲಿ ಕಟ್ಟಿ ಮುಗಿಸಿದ ಈ ಅಣೆಕಟ್ಟಿನ ನೀರು ಸಾಗರ, ಹೊಸನಗರದ ಕಡೆಯ ಕಣಿವೆಗಳಲ್ಲೆಲ್ಲ ಹರಡಿಕೊಂಡಿದೆ. ಕಯಾಕ್, ಹರಿಗೋಲು, ರಾತ್ರಿ ಕ್ಯಾಂಪ್ ಅಂತೆಲ್ಲ ಆಸೆ ಇದ್ದರೆ ಹೊನ್ನೆಮರಡು ಸರಿಯಾದ ಜಾಗ. ಮೊದಲೇ ಮಾತಾಡಿಕೊಂಡೇ ಹೋಗಿ. ಸುಮ್ಮನೆ ಹೋಗಿ ನಿಂತರೆ ದೋಣಿ ಸಿಗುತ್ತದೆ ಅಂತ ನಂಬಬೇಡಿ. ಬೇರೆ ಕಡೆ ಅನುಮತಿ ಇಲ್ಲದೆ ಟೆಂಟ್ ಹಾಕಬೇಡಿ, ದಡದ ಎಷ್ಟೋ ಜಾಗ ಅರಣ್ಯಕ್ಕೆ ಸೇರಿದೆ.

ನೀರಿಗೆ ಇಳಿಯುವ ಮಾತು. ಈ ನೀರಿನ ಕೆಳಗಿರುವುದು ಒಂದು ಕಾಲದ ಗದ್ದೆ, ತೋಟ, ಕಾಡು, ಜನ ಬಿಟ್ಟುಹೋದ ಊರುಗಳು. ಮರದ ಬೊಡ್ಡೆಗಳು ಇನ್ನೂ ನಿಂತಿವೆ. ದಡದಲ್ಲಿ ಮೊಣಕಾಲು ಆಳ ಇದ್ದದ್ದು ಎರಡೇ ಹೆಜ್ಜೆಗೆ ತಲೆ ಮುಳುಗುವಷ್ಟಾಗಬಹುದು. ನೀರು ಆಗತಾನೇ ಇಳಿದ ಜಾಗದಲ್ಲಿ ಮೇಲೆ ಒಣಗಿದ ಹಾಗೆ ಕಂಡರೂ ಅಡಿಯಲ್ಲಿ ಕೆಸರು ಇರುತ್ತದೆ, ಕಾಲು ಹೂತುಕೊಳ್ಳುತ್ತದೆ. ಹೊಳೆಯಲ್ಲಿ ಈಜಿ ಬೆಳೆದವರಿಗೂ ಇಲ್ಲಿ ಆ ಧೈರ್ಯ ಬೇಡ. ಲೈಫ್ ಜಾಕೆಟ್ ಹಾಕಿಕೊಂಡರೆ ಆಗಲಿಲ್ಲ, ಬಿಗಿಯಾಗಿದೆಯಾ ನೋಡಿ. ಹೆಗಲ ಹತ್ತಿರ ಹಿಡಿದು ಮೇಲಕ್ಕೆ ಎಳೆಯಿರಿ. ಗಲ್ಲ ದಾಟಿ ಕಿವಿಯವರೆಗೆ ಬಂದರೆ ಅದು ನಿಮ್ಮ ಅಳತೆಯದಲ್ಲ. ಮಕ್ಕಳಿಗೆ ದೊಡ್ಡವರ ಜಾಕೆಟ್ ಕೊಟ್ಟು ಅಡ್ಜಸ್ಟ್ ಮಾಡಿ ಅಂದರೆ ಆ ದೋಣಿಗೆ ಹತ್ತಲೇಬೇಡಿ. ನಮಗೂ ಒಂದು ಕಡೆ ಹಾಗೆ ಹೇಳಿದರು, ನಾವು ಇಳಿದು ಬಂದೆವು. ದೋಣಿಗೆ ಬೆಳಗಿನ ಹೊತ್ತು ಒಳ್ಳೆಯದು. ಇಷ್ಟು ಅಗಲದ ನೀರಲ್ಲಿ ಬಿಸಿಲೇರಿದ ಮೇಲೆ ಗಾಳಿ ಎದ್ದರೆ ಅಲೆಗಳೂ ಏಳುತ್ತವೆ. ಹರಿಗೋಲು ಗಾಳಿ ತಳ್ಳಿದ ಕಡೆ ಹೋಗುತ್ತದೆ, ಹುಟ್ಟು ಹಾಕಿ ವಾಪಸ್ ತರುವುದು ಕೈ ಸೋಲುವ ಕೆಲಸ.

ಸಿಗಂದೂರಿಗೆ ಹೋಗುವವರು ಹಿಂದೆ ಹೊಳೆಬಾಗಿಲಿನಲ್ಲಿ ಲಾಂಚ್‌ಗೆ ಕಾಯಬೇಕಿತ್ತು. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಲಾಂಚ್‌ಗೆ ವಾಹನ ಹತ್ತಿಸುವುದೇ ನಿಲ್ಲುತ್ತಿತ್ತು. 2025ರ ಜುಲೈನಲ್ಲಿ ಅಂಬಾರಗೋಡ್ಲು ಕಳಸವಳ್ಳಿ ಸೇತುವೆ ಶುರುವಾದ ಮೇಲೆ ಆ ಕಾಯುವಿಕೆ ಇಲ್ಲ. ಸುಮಾರು ಎರಡೂವರೆ ಕಿಲೋಮೀಟರ್ ಸೇತುವೆ, ಎರಡೂ ಕಡೆ ನೀರು. ಸೆಲ್ಫಿಗೆ ಅಂತ ನಡುವೆ ಗಾಡಿ ನಿಲ್ಲಿಸುವವರ ಹಿಂದೆ ಸಿಕ್ಕಿಕೊಂಡರೆ ತಾಳ್ಮೆ ಇರಲಿ. ಅಲ್ಲಿನವರಿಗೆ ಅದು ದಿನಾ ಓಡಾಡುವ ರಸ್ತೆ, ನೀವಂತೂ ನಿಲ್ಲಿಸಬೇಡಿ.

ಏಪ್ರಿಲ್, ಮೇನಲ್ಲಿ ರಜೆ ಸಿಗುವುದಾದರೆ ಬೇಸರ ಬೇಡ. ಮಟ್ಟ ತೀರಾ ಕೆಳಗಿದ್ದರೆ ಹಿರೇಭಾಸ್ಕರ ಅಣೆಕಟ್ಟು ಹೊರಗೆ ಕಾಣುತ್ತದೆ. ಜೋಗದ ವಿದ್ಯುತ್ ಕೇಂದ್ರಕ್ಕೆ ನೀರು ಒದಗಿಸಲು 1948ರಲ್ಲಿ ಕಟ್ಟಿ ಮುಗಿಸಿದ್ದು. ಲಿಂಗನಮಕ್ಕಿ ಬಂದ ಮೇಲೆ ಅದರ ಹೊಟ್ಟೆಯಲ್ಲೇ ಮುಳುಗಿತು. ಮಡೆನೂರು ಡ್ಯಾಮ್ ಅಂತ ಕೇಳಿದರೆ ದಾರಿ ಹೇಳುತ್ತಾರೆ. ಹಾಳುಬಿದ್ದ ಕಟ್ಟಡ, ಅಂಚಿಗೆ ಹೋಗಬೇಡಿ. ಟೋಪಿ, ನೀರು ಜಾಸ್ತಿಯೇ ಇರಲಿ.

ಕಾರಿಲ್ಲದವರು ಮೊದಲ ಎರಡನ್ನು ಬಿಟ್ಟು ಸೀದಾ ಇಲ್ಲಿಗೇ ಬರಬಹುದು. ಬೆಂಗಳೂರು, ಮೈಸೂರು ಎರಡೂ ಕಡೆಯಿಂದ ತಾಳಗುಪ್ಪಕ್ಕೆ ರೈಲಿದೆ. ಸಾಗರದಲ್ಲಿ ಇಳಿದರೆ ಆಟೋ, ಟ್ಯಾಕ್ಸಿ ಹುಡುಕುವುದು ಸುಲಭ. ಹಿನ್ನೀರಿನ ಕಡೆಯಿಂದ ಸಂಜೆ ಮೇಲೆ ವಾಪಸ್ ಬರಲು ಗಾಡಿ ಸಿಗುವುದು ಕಷ್ಟ. ಹೋಗುವಾಗಲೇ ಬರುವುದಕ್ಕೂ ಮಾತಾಡಿಕೊಳ್ಳಿ, ಕೆಲವು ಕಡೆ ಫೋನ್ ಸಿಗ್ನಲ್ ಕೂಡ ಇರುವುದಿಲ್ಲ.